ಕಣ್ಣಳತೆ ಮೀರಿದ ವಿಮಾನ

ರೇಡಿಯೊ ನಿಯಂತ್ರಿತ ಮಾದರಿ ವಿಮಾನವನ್ನು ಹವ್ಯಾಸಿಗಳು ಆರ್‌ಸಿ ವಿಮಾನ ಎನ್ನುತ್ತಾರೆ. ಹೊಸಬರ ಆರ್‌ಸಿ ವಿಮಾನ ಕಳೆದುಹೋಗುವುದು ಬಹುಪಾಲು ಯಂತ್ರ ಕೆಟ್ಟದ್ದರಿಂದಲ್ಲ, ಕಣ್ಣು ಸೋತದ್ದರಿಂದ. ಕಲಿಯುವವರ ಕೈಯಲ್ಲಿರುವುದು ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿನ ರೆಕ್ಕೆಯಗಲದ ಫೋಮ್ ವಿಮಾನ. 110 ಮೀಟರ್ ದೂರದಲ್ಲಿ ಅದರ ರೆಕ್ಕೆ ಹುಣ್ಣಿಮೆ ಚಂದ್ರನಷ್ಟು ಅಗಲ ಕಾಣುತ್ತದೆ. 330 ಮೀಟರ್ ತಲುಪಿದಾಗ ಚಂದ್ರನ ಮೂರನೇ ಒಂದು ಪಾಲು. ಇಷ್ಟಿದ್ದರೆ ಸಾಕಲ್ಲ ಎನ್ನಿಸಬಹುದು. ಆದರೆ ಇದು ರೆಕ್ಕೆಯ ಉದ್ದದ ಮಾತು, ದಪ್ಪದ್ದಲ್ಲ. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. ಮೂರು ಸೆಂಟಿಮೀಟರ್ ದಪ್ಪದ ರೆಕ್ಕೆ ನೂರು ಮೀಟರ್ ಆಚೆಗೇ ಆ ಎಲ್ಲೆಗೆ ಬಂದಿರುತ್ತದೆ. ವಿಮಾನ ಪಕ್ಕಕ್ಕೆ ವಾಲಿದಾಗ ರೆಕ್ಕೆಯ ಪೂರ್ತಿ ಹರಹು ಕಣ್ಣಿಗೆ ಬಿದ್ದು ದೊಡ್ಡದಾಗಿ ಕಾಣುತ್ತದೆ. ನೆಟ್ಟಗಾಗಿ ಎದುರಿಗೆ ಬಂದರೆ ಅಥವಾ ಬೆನ್ನು ತೋರಿಸಿ ಹೊರಟರೆ ಒಂದು ತೆಳು ಗೆರೆಯಷ್ಟೇ ಉಳಿಯುತ್ತದೆ, ಆಮೇಲೆ ಅದೂ ಇಲ್ಲ. ಈಗಷ್ಟೇ ಇತ್ತು, ಈಗ ಇಲ್ಲ ಎಂದು ಕಲಿಯುವವರು ಗಾಬರಿಯಾಗುವುದು ಈ ಕ್ಷಣದಲ್ಲಿ.

ಕಾಣೆಯಾಗುವುದಕ್ಕೂ ಮೊದಲು ಇನ್ನೊಂದು ಸೋಲು ನಡೆದಿರುತ್ತದೆ. ವಿಮಾನ ಕಾಣುತ್ತಿದೆ, ಆದರೆ ಅದರ ಮೂತಿ ಯಾವ ಕಡೆಗಿದೆ ಎಂಬುದು ತಿಳಿಯುತ್ತಿಲ್ಲ. ಬೂದು ಮೋಡದ ಎದುರು ಅದು ಬರಿಯ ಕಪ್ಪು ನೆರಳು. ಹತ್ತಿರ ಬರುತ್ತಿರುವ ವಿಮಾನದ ನೆರಳೂ ದೂರ ಹೋಗುತ್ತಿರುವುದರ ನೆರಳೂ ಒಂದೇ ತೆರ. ವಿಮಾನ ದೂರ ಹೋಗುವಾಗ ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಅದು ನಿಂತವರ ಬಲಕ್ಕೇ ಹೊರಳುತ್ತದೆ. ಎದುರು ಬರುವಾಗ ಅದೇ ಬಲ ಅವರ ಎಡವಾಗುತ್ತದೆ. ಈ ತಿರುವುಮುರುವು ಬುದ್ಧಿಗೆ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ, ಬೆರಳಿಗೆ ಅರ್ಥವಾಗಲು ವಾರಗಳು ಬೇಕು. ಅಷ್ಟರವರೆಗೆ ನೆರವಾಗುವ ಒಂದು ಉಪಾಯವಿದೆ: ವಿಮಾನ ಎದುರು ಬರುತ್ತಿದ್ದಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಬೇಕು. ತಗ್ಗಿದ ರೆಕ್ಕೆಗೆ ಆಸರೆ ಕೊಟ್ಟು ಎತ್ತಿದಂತೆ ಎಂದುಕೊಂಡರೆ ಎಡ ಬಲದ ಲೆಕ್ಕ ಹಾಕುವ ಕೆಲಸವೇ ಇಲ್ಲ. ರೆಕ್ಕೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಬೇರೆ ಬೇರೆ ಗಾಢ ಬಣ್ಣ ಹಚ್ಚುವುದು, ಕೆಳಗಡೆ ದಪ್ಪ ಕಪ್ಪು ಪಟ್ಟೆ ಎಳೆಯುವುದು ಅಂದಕ್ಕಾಗಿ ಅಲ್ಲ. ಅಂಗಡಿಯಿಂದ ಬಂದ ಹಾಗೆಯೇ ಬಿಳಿಯ ಬಣ್ಣದಲ್ಲಿ ಹಾರಿಸಿದ ವಿಮಾನ ಮೋಡಕ್ಕೆ ಹೊಂದಿಕೊಂಡುಬಿಡುತ್ತದೆ.

ಇನ್ನು ಗಾಳಿ. ಕಲಿಕೆಯ ವಿಮಾನ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ ಎಂದಿಟ್ಟುಕೊಳ್ಳೋಣ. ಗಾಳಿಯ ವೇಗ ಗಂಟೆಗೆ 20 ಕಿಲೋಮೀಟರ್ ಇದ್ದರೆ, ಗಾಳಿ ಬೀಸುವತ್ತಲೇ ಹಾರುವ ವಿಮಾನ ನೆಲದ ಮೇಲೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಹದಿನೈದೇ ಸೆಕೆಂಡಿನಲ್ಲಿ 250 ಮೀಟರ್ ದೂರ. ಅಲ್ಲಿಂದ ತಿರುಗಿ ಗಾಳಿಗೆ ಎದುರಾಗಿ ಬರುವಾಗ ಉಳಿಯುವ ವೇಗ ಗಂಟೆಗೆ 20 ಕಿಲೋಮೀಟರ್ ಮಾತ್ರ, ಅಂದರೆ ಅದೇ ದೂರಕ್ಕೆ 45 ಸೆಕೆಂಡು. ಆ ಮುಕ್ಕಾಲು ನಿಮಿಷವೂ ವಿಮಾನ ಎದುರು ಮುಖವಾಗಿರುತ್ತದೆ, ತೆಳು ಗೆರೆಯಾಗಿರುತ್ತದೆ, ಎಡ ಬಲ ಅದಲುಬದಲಾಗಿರುತ್ತದೆ. ಹೊಸಬರಿಗೆ ಕಷ್ಟವಾದ ಮೂರೂ ಒಟ್ಟಿಗೆ ಬಂದು ನಿಲ್ಲುವ ಜಾಗ ಇದು. ನೆಲದ ಮೇಲೆ ಸುಮ್ಮನಿರುವ ಗಾಳಿ ಐವತ್ತು ಮೀಟರ್ ಎತ್ತರದಲ್ಲಿ ಜೋರಾಗಿರುವುದೂ ಉಂಟು. ಕೈಯಿಂದ ಹುಲ್ಲು ತೂರಿ ನೋಡಿದ್ದಷ್ಟರಿಂದ ಮೇಲಿನ ಗಾಳಿಯ ಅಂದಾಜು ಸಿಗುವುದಿಲ್ಲ.

ಕರ್ನಾಟಕದ ಬಯಲುಸೀಮೆಯಲ್ಲಿ ಇದಕ್ಕೊಂದು ಕಾಲಧರ್ಮವಿದೆ. ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ. ಭಾನುವಾರ ಬೆಳಿಗ್ಗೆ ಬಯಲಿಗೆ ಬಂದವರ ವಿಮಾನವನ್ನು ಅದು ಮೂಡಣಕ್ಕೆ ತಳ್ಳುತ್ತದೆ, ಬೆಳಗಿನ ಸೂರ್ಯನಿರುವುದೂ ಮೂಡಣದಲ್ಲೇ. ವಿಮಾನ ನೇರ ಬಿಸಿಲಿನೊಳಕ್ಕೆ ಹೋಗಿ ಮರೆಯಾಗುತ್ತದೆ. ಆದ್ದರಿಂದ ಆ ದಿನಗಳಲ್ಲಿ ಹಾರಿಸುವವರು ಬಯಲಿನ ಮೂಡಣ ಅಂಚಿನಲ್ಲಿ ನಿಂತು ವಿಮಾನವನ್ನು ಸದಾ ಪಡುವಣ ಭಾಗದಲ್ಲೇ, ಅಂದರೆ ಗಾಳಿ ಬರುವ ಕಡೆಯಲ್ಲೇ, ಇಟ್ಟುಕೊಳ್ಳುವುದು ಒಳ್ಳೆಯದು. ಎಂಜಿನ್ ನಿಂತರೂ ಗಾಳಿ ಅದನ್ನು ಅವರ ಕಡೆಗೇ ತರುತ್ತದೆ. ಬೇಸಿಗೆಯ ಅಪಾಯ ಬೇರೆ ಬಗೆಯದು. ಹೊತ್ತು ಏರಿದಂತೆ ಕಾದ ನೆಲದಿಂದ ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹೊಡೆಯುವುದು ಇದರ ಮೇಲೆಯೇ. ಹಗುರ ವಿಮಾನ ಅದರಲ್ಲಿ ಸಿಕ್ಕಿದರೆ ಮೋಟಾರ್ ನಿಲ್ಲಿಸಿದರೂ ಏರುತ್ತಲೇ ಹೋಗುತ್ತದೆ.

ರೇಡಿಯೊ ಸಂಪರ್ಕವೇ ಕಡಿದು ವಿಮಾನ ಹೋಗುವುದು ಈಗ ಹಿಂದಿನಷ್ಟಿಲ್ಲ. ಮೊದಲು 35 ಅಥವಾ 72 ಮೆಗಾಹರ್ಟ್ಸ್‌ನ ಸೆಟ್ಟುಗಳಲ್ಲಿ ಒಂದೇ ಚಾನೆಲ್‌ನಲ್ಲಿ ಇಬ್ಬರು ಸ್ವಿಚ್ ಹಾಕಿದರೆ ಹಾರುತ್ತಿದ್ದ ವಿಮಾನ ನೆಲಕ್ಕೆ ಬೀಳುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ಪ್ರತಿ ರಿಸೀವರ್ ತನ್ನ ಟ್ರಾನ್ಸ್‌ಮಿಟರ್ ಹೇಳಿದ್ದನ್ನು ಮಾತ್ರ ಕೇಳುತ್ತದೆ. ಉಳಿದಿರುವ ಮುಖ್ಯ ತಪ್ಪು ಫೇಲ್‌ಸೇಫ್ ಹೊಂದಿಸದೇ ಬಿಡುವುದು. ಸಿಗ್ನಲ್ ತಪ್ಪಿದಾಗ ರಿಸೀವರ್ ಏನು ಮಾಡಬೇಕೆಂದು ಮೊದಲೇ ಹೇಳಿಡುವ ವ್ಯವಸ್ಥೆ ಇದು. ಥ್ರಾಟಲ್, ಅಂದರೆ ಮೋಟಾರಿನ ವೇಗ, ಸೊನ್ನೆಗೆ ಬರಲಿ ಎಂದು ಹೊಂದಿಸದಿದ್ದರೆ ಕೆಲವು ರಿಸೀವರ್‌ಗಳು ಕೊನೆಗೆ ಕೇಳಿದ ಆಜ್ಞೆಯನ್ನೇ ಹಿಡಿದುಕೊಂಡಿರುತ್ತವೆ. ವಿಮಾನ ಪೂರ್ತಿ ಮೋಟಾರಿನೊಂದಿಗೆ ಬ್ಯಾಟರಿ ಮುಗಿಯುವವರೆಗೆ ಹೋಗುತ್ತಲೇ ಇರುತ್ತದೆ. ಪ್ರೊಪೆಲ್ಲರ್ ಬಿಚ್ಚಿಟ್ಟು, ಟ್ರಾನ್ಸ್‌ಮಿಟರ್ ಆಫ್ ಮಾಡಿ, ಮೋಟಾರ್ ನಿಲ್ಲುತ್ತದೆಯೇ ಎಂದು ಮನೆಯಲ್ಲೇ ನೋಡಬಹುದಾದ ಪರೀಕ್ಷೆ ಇದು.

ವಿಮಾನ ಕೈಮೀರಿ ದೂರ ಹೋಗುತ್ತಿದೆ, ಇನ್ನೂ ಚುಕ್ಕೆಯಾಗಿ ಕಾಣುತ್ತಿದೆ. ಆಗ ಮನಸ್ಸು ಹೇಳುವುದು ಹೇಗಾದರೂ ತಿರುಗಿಸು, ಎತ್ತರಕ್ಕೆ ಒಯ್ಯಿ ಎಂದು. ಮಾಡಬೇಕಾದ್ದು ಅದಕ್ಕೆ ವಿರುದ್ಧವಾದದ್ದು. ಕೆಳಗೆ ಜನ, ರಸ್ತೆ, ಮನೆ ಇಲ್ಲವೆಂದು ಖಚಿತವಿದ್ದರೆ ಥ್ರಾಟಲ್ ಮುಚ್ಚಿ, ಬಾಲದ ನೆಟ್ಟನೆಯ ಫಲಕವಾದ ರಡ್ಡರ್ ಒಂದು ಬದಿಗೆ, ಅಡ್ಡ ಫಲಕವಾದ ಎಲಿವೇಟರ್ ಪೂರ್ತಿ ಮೇಲಕ್ಕೆ ಹಿಡಿದು, ಸುತ್ತುತ್ತಾ ಇಳಿಯಲು ಬಿಡಬೇಕು. ಅರವತ್ತು ಮೀಟರ್ ಎತ್ತರದಲ್ಲಿರುವ ವಿಮಾನ ಪ್ರತಿ ಮೀಟರ್ ಇಳಿತಕ್ಕೆ ಎಂಟು ಮೀಟರ್ ಮುಂದೆ ತೇಲುವಂಥದ್ದಾದರೆ, ಮೋಟಾರ್ ನಿಂತ ಮೇಲೂ ಗಾಳಿಯಿಲ್ಲದ ದಿನದಲ್ಲೇ 480 ಮೀಟರ್ ಆಚೆಗೆ ಹೋಗಿ ಬೀಳುತ್ತದೆ. ಸುತ್ತುತ್ತಾ ಇಳಿದದ್ದು ಹೆಚ್ಚು ಕಡಿಮೆ ಕಂಡ ಜಾಗದ ಕೆಳಗೇ ಸಿಗುತ್ತದೆ. ಪೆಟ್ಟು ತಿಂದ ಫೋಮ್ ಅಂಟು ಹಾಕಿದರೆ ಕೂಡುತ್ತದೆ, ಸಿಗದ ವಿಮಾನಕ್ಕೆ ಅಂಟು ಹಾಕಲಾಗದು.

ಈ ಬುದ್ಧಿ ರೇಡಿಯೊಗಿಂತ ಹಳೆಯದು. ರೇಡಿಯೊ ನಿಯಂತ್ರಣದ ಮಾದರಿ ವಿಮಾನಗಳ ಆದಿಯಲ್ಲಿ ನಿಲ್ಲುವ ಹೆಸರು ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಅವರದು. 1937ರಲ್ಲಿ ಅವರು ಹಾರಿಸಿದ ‘ಗಫ್’ ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ವೈಮಾನಿಕ ಸಂಗ್ರಹಾಲಯದಲ್ಲಿದೆ. ಅದಕ್ಕೂ ಹಿಂದಿನವರು ಹಾರಿಸುತ್ತಿದ್ದುದು ಬಿಟ್ಟ ಮೇಲೆ ತನ್ನಷ್ಟಕ್ಕೆ ಹೋಗುವ ವಿಮಾನಗಳನ್ನು. ‘ಫ್ರೀ ಫ್ಲೈಟ್’ ಎಂಬ ಆ ಸ್ಪರ್ಧೆ ಇಂದಿಗೂ ಇದೆ. ಏರುಗಾಳಿಗೆ ಸಿಕ್ಕ ವಿಮಾನ ಮರಳಿ ಬರುವುದಿಲ್ಲವಾದ್ದರಿಂದ ಅವರು ಡೀಥರ್ಮಲೈಸರ್ ಎಂಬ ಸಾಧನ ಕಟ್ಟಿಕೊಂಡರು. ನಿಧಾನವಾಗಿ ಉರಿಯುವ ಬತ್ತಿಯೊಂದು ನಿಗದಿತ ಹೊತ್ತಿಗೆ ರಬ್ಬರ್ ಬ್ಯಾಂಡನ್ನು ಸುಡುತ್ತದೆ, ಬಾಲದ ರೆಕ್ಕೆ ಚಿಮ್ಮಿ ಮೇಲೇಳುತ್ತದೆ, ವಿಮಾನ ತೇಲುವ ಶಕ್ತಿ ಕಳೆದುಕೊಂಡು ನೆಟ್ಟಗೆ ಇಳಿಯುತ್ತದೆ. ದುರ್ಬೀನು, ದಿಕ್ಸೂಚಿ ಹಿಡಿದು ಬಿದ್ದ ವಿಮಾನ ಹುಡುಕುವುದು ಅವರ ಆಟದ ಒಂದು ಭಾಗವೇ. ಆರ್‌ಸಿ ಹವ್ಯಾಸಿಗಳು ಅವರಿಂದ ಕಲಿಯಬೇಕಾದದ್ದು ಬಹಳ ಇದೆ, ಅದರಲ್ಲೂ ವಿಮಾನ ಮರೆಯಾದ ಮೊದಲ ಒಂದು ನಿಮಿಷದ ಪಾಠ.

ವಿಮಾನ ಮರೆಯಾದ ಕೂಡಲೇ ಆ ಕಡೆಗೆ ಓಡುವುದು ಸಹಜ. ಓಡಿದವರು ನಾಲ್ಕು ಹೆಜ್ಜೆಯಲ್ಲೇ ದಿಕ್ಕು ಕಳೆದುಕೊಳ್ಳುತ್ತಾರೆ. ಹಳ್ಳಕ್ಕಿಳಿದು, ಬದು ದಾಟಿ, ಬೇಲಿ ಸುತ್ತಿ ಹೊರಬಂದಾಗ ಎಲ್ಲ ಮರಗಳೂ ಒಂದೇ ಥರ ಕಾಣುತ್ತವೆ. ನಿಂತಲ್ಲೇ ನಿಲ್ಲಬೇಕು. ಕಣ್ಣು ಕೊನೆಗೆ ಕಂಡ ಜಾಗದಿಂದ ಕದಲಬಾರದು. ಅದರ ನೇರ ಕೆಳಗೆ, ದಿಗಂತದಲ್ಲಿ, ಗುರುತಾಗುವಂಥದ್ದು ಏನಿದೆ ನೋಡಬೇಕು: ನೀರಿನ ಟ್ಯಾಂಕು, ಮೊಬೈಲ್ ಟವರ್, ಒಂಟಿ ತಾಳೆಮರ, ಗುಡ್ಡದ ಒಂದು ಕೊರಕಲು. ಆಮೇಲೆ ನಿಂತ ಜಾಗಕ್ಕೆ ಒಂದು ಗೂಟವನ್ನೋ ಕಲ್ಲನ್ನೋ ಇಟ್ಟು, ಮೊಬೈಲಿನಲ್ಲಿ ಆ ದಿಕ್ಕಿನ ಫೋಟೊ ತೆಗೆದು, ಅದರ ದಿಕ್ಸೂಚಿ ತೋರಿಸುವ ಡಿಗ್ರಿ ಬರೆದುಕೊಳ್ಳಬೇಕು. ಟ್ರಾನ್ಸ್‌ಮಿಟರ್ ಆಫ್ ಮಾಡಬಾರದು. ಥ್ರಾಟಲ್ ಮಾತ್ರ ಸೊನ್ನೆಗಿಳಿಸಬೇಕು. ಪ್ರೊಪೆಲ್ಲರ್ ಹುಲ್ಲಿಗೋ ಬಳ್ಳಿಗೋ ಸಿಕ್ಕಿಕೊಂಡು ಮೋಟಾರ್ ಓಡಲು ಹೆಣಗಿದರೆ ವೈರುಗಳು ಕಾದು ಸುಡುತ್ತವೆ, ಒಣ ಹುಲ್ಲಿನ ನಡುವೆ ಅದು ಬೆಂಕಿಗೆ ದಾರಿ.

ಬಯಲಿನಲ್ಲಿ ಇನ್ನೊಬ್ಬರು ಇದ್ದರೆ ಅರ್ಧ ಕೆಲಸ ಆದಂತೆ. ಅವರು ಬೇರೊಂದು ಮೂಲೆಯಿಂದ ಕಂಡ ದಿಕ್ಕನ್ನೂ ಉಪಗ್ರಹ ನಕ್ಷೆಯ ಮೇಲೆ ಗೆರೆಯಾಗಿ ಎಳೆದರೆ, ಎರಡು ಗೆರೆ ಕೂಡುವ ಜಾಗವೇ ಹುಡುಕಾಟದ ನಡುಬಿಂದು. ಒಬ್ಬರೇ ಇದ್ದರೆ ಗೆರೆ ಒಂದೇ, ದೂರ ಗೊತ್ತಿಲ್ಲ. ದೂರವನ್ನು ಕಣ್ಣಳತೆಯಿಂದ ಹೇಳುವುದು ನುರಿತವರಿಗೂ ಕಷ್ಟ, ಏಕೆಂದರೆ ಬರಿ ಆಕಾಶದಲ್ಲಿ ಹೋಲಿಸಲು ಪಕ್ಕದಲ್ಲಿ ಏನೂ ಇರುವುದಿಲ್ಲ. ಅಲ್ಲೇ ಬಿತ್ತು ಅನ್ನಿಸಿದ ಜಾಗಕ್ಕಿಂತ ವಿಮಾನ ಬಹಳ ಆಚೆಗೆ ಸಿಗುವುದು ಹವ್ಯಾಸಿಗಳಿಗೆಲ್ಲ ಗೊತ್ತಿರುವ ಅನುಭವ. ಒಂದು ಪ್ರಶ್ನೆ ಮಾತ್ರ ಇಲ್ಲಿ ಖಚಿತ ಉತ್ತರ ಕೊಡಬಲ್ಲದು: ಕೊನೆಯಲ್ಲಿ ಅದು ಮರದ ಹಿಂದೆ ಹೋಯಿತೇ, ಮರದ ಮುಂದೆ ಇಳಿಯಿತೇ? ಎಲೆಗಳ ಹಸಿರಿನ ಎದುರು ವಿಮಾನ ಕಂಡಿದ್ದರೆ ಅದು ಮರಕ್ಕಿಂತ ಈಚೆಗಿದೆ. ಮರದ ತುದಿ ಮುಟ್ಟಿದೊಡನೆ ಮಾಯವಾಗಿದ್ದರೆ ಆಚೆಗಿದೆ, ಇಲ್ಲವೇ ಮರದಲ್ಲೇ ಇದೆ. ನೆನಪು ಹಸಿಯಾಗಿರುವಾಗಲೇ ಇದನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಅರ್ಧ ಗಂಟೆ ಅಲೆದ ಮೇಲೆ ಮನಸ್ಸು ತಾನು ಕಂಡಿದ್ದನ್ನು ಬಿಟ್ಟು ತನಗೆ ಬೇಕಾದ್ದನ್ನು ಹೇಳತೊಡಗುತ್ತದೆ.

ದಿಕ್ಕಿನಲ್ಲಿ ಐದು ಡಿಗ್ರಿ ತಪ್ಪಿದರೆ 400 ಮೀಟರ್ ದೂರದಲ್ಲಿ 35 ಮೀಟರ್ ಪಕ್ಕಕ್ಕೆ ಹೋದಂತೆ. ಆದ್ದರಿಂದ ಹುಡುಕಬೇಕಾದದ್ದು ಒಂದು ಗೆರೆಯನ್ನಲ್ಲ, ದೂರ ಹೋದಂತೆ ಅಗಲವಾಗುವ ಒಂದು ಪಟ್ಟೆಯನ್ನು. ಮೊದಲು ಗೆರೆಯ ಮೇಲೆಯೇ, ಅಂದಾಜು ಮಾಡಿದ ದೂರದ ಎರಡರಷ್ಟು ನಡೆದುಬಿಡುವುದು ಜಾಣತನ. ಬರುವಾಗ ಗಾಳಿ ತಳ್ಳಿರಬಹುದಾದ ಮಗ್ಗುಲಿಗೆ ಸರಿದು ಬರಬೇಕು. ರಾಗಿ, ಜೋಳದ ಎಳೆ ಪೈರಿನಲ್ಲಿ ಬದುವಿನ ಮೇಲೆ ನಿಂತರೆ ಸಾಕು, ದೂರದಿಂದಲೇ ಕಾಣುತ್ತದೆ. ಮಂಡ್ಯದ ಕಡೆಯ ಕಬ್ಬಿನ ಗದ್ದೆ ಹಾಗಲ್ಲ. ಎರಡಾಳೆತ್ತರ ಬೆಳೆದ ಕಬ್ಬಿನಲ್ಲಿ ಎರಡು ಸಾಲು ಆಚೆಗಿದ್ದದ್ದೂ ಕಾಣುವುದಿಲ್ಲ. ಅಲ್ಲಿ ಒಳನುಗ್ಗುವ ಮೊದಲು ಮೇಲಿನಿಂದ ನೋಡುವ ದಾರಿ ಹುಡುಕಬೇಕು: ಪಂಪ್‌ಸೆಟ್ ಮನೆಯ ಮಾಳಿಗೆ, ಟ್ರ್ಯಾಕ್ಟರ್, ಉದ್ದ ಗಳುವಿನ ತುದಿಗೆ ಕಟ್ಟಿ ವಿಡಿಯೊ ತೆಗೆಯುವ ಮೊಬೈಲು, ಗೆಳೆಯರ ಡ್ರೋನ್. ಹಗುರ ಫೋಮ್ ವಿಮಾನ ಎಷ್ಟೋ ಸಲ ಗರಿಗಳ ಮೇಲೆಯೇ ಹಾಸಿಕೊಂಡಿರುತ್ತದೆ, ಕೆಳಗೆ ನಡೆಯುವವರ ತಲೆಯ ಮೇಲೇ ಇದ್ದರೂ ಕಾಣದು. ಕಬ್ಬಿನೊಳಗೆ ಕೊಳಕುಮಂಡಲ, ನಾಗರಹಾವು ಇರುತ್ತವೆ. ಮಂಡ್ಯ ಸೀಮೆಯ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದೂ ಉಂಟು. ಬೂಟಿಲ್ಲದೆ, ಕೋಲಿಲ್ಲದೆ, ಒಬ್ಬರೇ, ಮುಸ್ಸಂಜೆಯಲ್ಲಿ ಒಳಗೆ ಹೋಗುವಷ್ಟು ಬೆಲೆ ಯಾವ ವಿಮಾನಕ್ಕೂ ಇಲ್ಲ.

ಕಿವಿ ಮತ್ತು ರೇಡಿಯೊ ಕಣ್ಣಿಗಿಂತ ಹೆಚ್ಚು ಕೆಲಸ ಮಾಡುವುದು ಇಂಥಲ್ಲೇ. ಸ್ಟಿಕ್ ಅಲುಗಾಡಿಸಿದರೆ ರೆಕ್ಕೆ, ಬಾಲದ ಫಲಕಗಳನ್ನು ಆಡಿಸುವ ಸರ್ವೊಗಳ ಗುಂಯ್ ಸದ್ದು ಕೆಲವೇ ಮೀಟರ್ ಕೇಳುತ್ತದೆ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಗಳಲ್ಲಿ ಹಲವು, ಸಿಗ್ನಲ್ ಸಿಗದಾಗ ಬೀಪ್ ಎನ್ನುತ್ತವೆ. ಹಾಗಾಗಿ ವಿಮಾನದ ಹತ್ತಿರ ಬಂದಿದ್ದೇವೆ ಎನ್ನಿಸಿದ ಮೇಲೆ ಟ್ರಾನ್ಸ್‌ಮಿಟರನ್ನು ಒಂದೆರಡು ನಿಮಿಷ ಆಫ್ ಮಾಡಿ ಕಿವಿಗೊಟ್ಟು ನಿಲ್ಲಬಹುದು; ಫೇಲ್‌ಸೇಫ್ ಸರಿಯಾಗಿ ಹೊಂದಿಸಿದವರಿಗೆ ಮಾತ್ರ ಈ ಉಪಾಯ. ಖಾಲಿ ಚಾನೆಲ್‌ಗೆ ಸಿಕ್ಕಿಸುವ ಬೀಪರ್ ಇದಕ್ಕಿಂತ ಎಷ್ಟೋ ಜೋರು. ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಕೂಗುವ ಬೀಪರ್ ನೂರು ಮೀಟರಿನಲ್ಲಿ 55 ಡೆಸಿಬೆಲ್‌ಗೆ ಇಳಿಯುತ್ತದೆ, ಪೈರಿನ ನಡುವೆ ಇನ್ನೂ ಕಡಿಮೆ. ಆದರೂ ಗಾಳಿಯಿಲ್ಲದ ಮುಂಜಾನೆ ಅದು ಸ್ಪಷ್ಟವಾಗಿ ಕೇಳುವ ಸದ್ದು. ಹಗಲಿನ ಗಾಳಿಗೆ ಗರಿಗಳು ಸರಗುಟ್ಟುವಾಗ ಸಿಗದೇ ಹೋದದ್ದು ಮರುದಿನ ಬೆಳಿಗ್ಗೆ ಆರಕ್ಕೆ ಸಿಗಲು ಇದೇ ಕಾರಣ. ಅಲ್ಲಿಯವರೆಗೆ ಬ್ಯಾಟರಿ ಉಳಿಯಬೇಕು. 2200 ಎಂಎಎಚ್ ಬ್ಯಾಟರಿಯಲ್ಲಿ ಅರ್ಧ ಉಳಿದಿದ್ದರೆ, ಮೋಟಾರ್ ಓಡದೆ ರಿಸೀವರ್ ಮಾತ್ರ 0.2 ಆಂಪಿಯರ್ ಎಳೆಯುತ್ತಿದ್ದರೆ, ಐದಾರು ಗಂಟೆಯ ಬಾಳಿಕೆ ಮಾತ್ರ. ತನ್ನದೇ ಪುಟ್ಟ ಬ್ಯಾಟರಿ ಇರುವ ಬೀಪರಿಗೆ ಕೊಟ್ಟ ದುಡ್ಡು ಸಾರ್ಥಕ.

ಟೆಲಿಮೆಟ್ರಿ, ಅಂದರೆ ವಿಮಾನದಿಂದ ಮಾಹಿತಿ ಮರಳಿ ಬರುವ ಸೌಲಭ್ಯ, ಇರುವ ಸೆಟ್ಟಿನಲ್ಲಿ ಸಿಗ್ನಲ್ ಬಲ ಅಂಕಿಯಾಗಿ ಕಾಣುತ್ತದೆ, ಆ ಅಂಕಿಯೇ ದಾರಿ ತೋರಿಸುತ್ತದೆ. ಟ್ರಾನ್ಸ್‌ಮಿಟರನ್ನು ಎದೆಗೊತ್ತಿ ನಿಂತಲ್ಲೇ ನಿಧಾನ ಒಂದು ಸುತ್ತು ತಿರುಗಿದರೆ, ನೀರೇ ಹೆಚ್ಚಿರುವ ಮನುಷ್ಯದೇಹ 2.4 ಗಿಗಾಹರ್ಟ್ಸ್ ಅಲೆಗೆ ಗೋಡೆಯಾಗುತ್ತದೆ. ಅಂಕಿ ಎಲ್ಲಕ್ಕಿಂತ ಕೆಳಗಿಳಿದಾಗ ವಿಮಾನ ಬೆನ್ನ ಹಿಂದೆ ಇದೆ ಎಂದರ್ಥ. ಐವತ್ತು ಹೆಜ್ಜೆ ನಡೆದು ಮತ್ತೆ ತಿರುಗಬೇಕು. ವಿಮಾನದಲ್ಲಿ ಜಿಪಿಎಸ್ ಇದ್ದರೆ ಟ್ರಾನ್ಸ್‌ಮಿಟರ್ ಕೊನೆಗೆ ಬರೆದುಕೊಂಡ ಅಕ್ಷಾಂಶ ರೇಖಾಂಶವನ್ನು ನಕ್ಷೆಗೆ ಹಾಕಿದರೆ ಮುಗಿಯಿತು, ಹುಡುಕುವುದೇನೂ ಇಲ್ಲ.

ಮರದಲ್ಲಿ ಸಿಕ್ಕಿಕೊಂಡದ್ದು ಸಿಕ್ಕಂತೆಯೂ ಹೌದು, ಸಿಗದಂತೆಯೂ ಹೌದು. ಕಲ್ಲು ಬೀರುವುದರಿಂದ ವಿಮಾನ ಮೊದಲು ಒಡೆಯುತ್ತದೆ, ಆಮೇಲೆ ಬೀಳುತ್ತದೆ. ಮಾವು, ಹುಣಸೆಯ ಗಿಡಕ್ಕೆ ಕಾಯಿ ಕೀಳುವ ದೋಟಿ ಸಾಕು. ಇನ್ನೂ ಎತ್ತರವಾದರೆ ಸಣ್ಣ ಭಾರ ಕಟ್ಟಿದ ಮೀನಿನ ಗಾಳದ ದಾರವನ್ನು ಕೊಂಬೆಯ ಮೇಲಿಂದ ಹಾಯಿಸಿ, ಅದಕ್ಕೆ ಹಗ್ಗ ಕಟ್ಟಿ ಎಳೆದು, ಕೊಂಬೆಯನ್ನೇ ಜಗ್ಗಿ ಅಲುಗಿಸಬೇಕು. ಮಲೆನಾಡು, ಕರಾವಳಿಯವರಿಗೆ ಈಗ ಒಂದು ಅನುಕೂಲವಿದೆ. ಅಡಿಕೆ ಕೊಯ್ಲಿಗೆ, ಔಷಧಿ ಹೊಡೆಯಲು ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಅರವತ್ತು ಅಡಿಗೂ ಮೇಲೆ ಚಾಚುತ್ತದೆ, ಹಗುರವೂ ಹೌದು. ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಹತ್ತಿರದಲ್ಲಿ ಕರೆಂಟಿನ ತಂತಿ ಹಾದಿದ್ದರೆ ಯಾವ ದೋಟಿಯನ್ನೂ ಎತ್ತಬಾರದು. ಹಸಿ ಬಿದಿರೂ ಅಪಾಯವೇ. ತಂತಿಯ ಮೇಲೆಯೇ ವಿಮಾನ ಕೂತಿದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿದ ಮೇಲೆ ಅವರೇ ಇಳಿಸಲಿ. ಕೆರೆಗೆ ಬಿದ್ದ ಫೋಮ್ ತೇಲುತ್ತದೆ, ಗಾಳಿ ಅದನ್ನು ದಡಕ್ಕೆ ತಂದು ಬಿಡುತ್ತದೆ. ಕಾಯುವುದೇ ಕೆಲಸ, ಈಜುವುದಲ್ಲ.

ಯಂತ್ರಗಳು ಸೋತಲ್ಲಿ ವಿಮಾನ ಹುಡುಕಿ ಕೊಡುವವರು ಊರಿನವರು. ಹೊಲದಲ್ಲಿ ಕೆಲಸದಲ್ಲಿದ್ದವರ ಕಣ್ಣಿಗೆ ಆಕಾಶದಿಂದ ಬಿದ್ದದ್ದು ಬೀಳದೇ ಇರುವುದಿಲ್ಲ. ‘ಅಣ್ಣಾ, ಈ ಕಡೆ ಒಂದು ಸಣ್ಣ ವಿಮಾನ ಬಿತ್ತಾ?’ ಎಂದು ಮೊದಲು ಕೇಳಿ, ಅವರ ಒಪ್ಪಿಗೆ ಪಡೆದು ಬದುವಿನ ಮೇಲೆ ನಡೆದವರಿಗೆ ಅವರೇ ಮುಂದಾಗಿ ಹುಡುಕಿಕೊಡುತ್ತಾರೆ. ಕೇಳದೆ ತೆನೆ ಕಟ್ಟಿದ ಪೈರು ತುಳಿದವರ ವಿಮಾನ ಸಿಕ್ಕರೂ ಸಿಗುವುದಿಲ್ಲ, ಅದು ನ್ಯಾಯವೂ ಹೌದು. ದನ ಮೇಯಿಸುವ ಹುಡುಗರಿಗೆ ಸಿಕ್ಕರೆ ಅದು ಮನೆಗೆ ಹೋಗಿರುತ್ತದೆ. ಹಾಗಾಗಿ ರೆಕ್ಕೆಯ ಕೆಳಗೆ, ಅಳಿಸದ ಮಸಿಯಲ್ಲಿ, ಕನ್ನಡದಲ್ಲಿ, ಇದು ಹವ್ಯಾಸದ ವಿಮಾನ, ಅಪಾಯವಿಲ್ಲ, ಸಿಕ್ಕವರು ದಯವಿಟ್ಟು ಕರೆ ಮಾಡಿ ಎಂದು ಬರೆದು ಫೋನ್ ಸಂಖ್ಯೆ ಹಾಕಬೇಕು. ಬೀಪರಿಗಿಂತ ಅಗ್ಗದ, ಬ್ಯಾಟರಿ ಮುಗಿದ ಮೇಲೂ ಕೆಲಸ ಮಾಡುವ ಸಾಧನ ಇದೊಂದೇ.

ಕಾನೂನು ಕೂಡ ಕಣ್ಣಳತೆಯ ಮಾತನ್ನೇ ಹೇಳುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನ ಎನ್ನಿಸಿಕೊಳ್ಳಲು ಅದು 25 ಕಿಲೋಗ್ರಾಂ ಮೀರದೆ, ಕಲಿಕೆ, ಸಂಶೋಧನೆ ಅಥವಾ ಮನರಂಜನೆಯಂಥ ಉದ್ದೇಶಕ್ಕೆ ಮಾತ್ರ, ಹಾರಿಸುವವರ ದೃಷ್ಟಿಯೊಳಗೇ ಹಾರಬೇಕು. ಕೆಂಪೇಗೌಡ ವಿಮಾನ ನಿಲ್ದಾಣ, ಯಲಹಂಕ, ಜಕ್ಕೂರು, ಎಚ್‌ಎಎಲ್ ಹೀಗೆ ನಾಲ್ಕು ಕಡೆ ನಿಜ ವಿಮಾನಗಳು ಇಳಿದೇಳುವ ಬೆಂಗಳೂರಿನ ಸುತ್ತ, ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣವಿರುವ ಜಾಗ ನೋಡಿಕೊಂಡೇ ಹೊರಡಬೇಕು. ಹತೋಟಿ ತಪ್ಪಿ ಹೋದ ವಿಮಾನ ಬಣ್ಣದ ಗೆರೆ ನೋಡಿ ನಿಲ್ಲುವುದಿಲ್ಲ.

ಕಣ್ಣಿನ ಎಲ್ಲೆ ದಾಟಿ ಹೋಗಿಯೂ ಗುರಿ ಮುಟ್ಟಿದ ಮಾದರಿ ವಿಮಾನ ಒಂದಿದೆ. 2003ರ ಆಗಸ್ಟ್‌ನಲ್ಲಿ ಅಮೆರಿಕದ ಮೇನಾರ್ಡ್ ಹಿಲ್ ಮತ್ತು ಸಂಗಡಿಗರ ವಿಮಾನ ಕೆನಡಾದ ನ್ಯೂಫೌಂಡ್‌ಲೆಂಡ್‌ನಿಂದ ಹೊರಟು, ಸುಮಾರು 39 ಗಂಟೆಯಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ, ಐರ್ಲೆಂಡಿನ ಕಡಲತೀರದಲ್ಲಿ ಇಳಿಯಿತು. ತೂಕ ಐದು ಕಿಲೋಗ್ರಾಮಿಗಿಂತ ಕಡಿಮೆ. ಸಮುದ್ರದ ಮೇಲೆ ಅದನ್ನು ನಡೆಸಿದ್ದು ಜಿಪಿಎಸ್ ನೋಡಿ ದಾರಿ ಹಿಡಿಯುವ ಸ್ವಯಂಚಾಲಕ. ಏರಿಸಿದ್ದು, ಇಳಿಸಿದ್ದು ಮಾತ್ರ ನೆಲದ ಮೇಲಿದ್ದವರ ಕೈ. ಹಿಲ್ ಅವರ ದೃಷ್ಟಿ ಆ ಹೊತ್ತಿಗೆ ಬಹುಪಾಲು ಹೋಗಿತ್ತು. ಅದಕ್ಕೆ ಮೊದಲಿನ ಪ್ರಯತ್ನಗಳ ವಿಮಾನಗಳು ಅಟ್ಲಾಂಟಿಕ್ ಪಾಲಾಗಿದ್ದವು.

ಇನ್ನು ಹುಡುಕಾಟದ ಮಾತಿಗೆ ಮರಳಿದರೆ, ಸಿಕ್ಕ ವಿಮಾನವನ್ನು ಕಂಡ ಕೂಡಲೇ ಎತ್ತಿಕೊಳ್ಳಬಾರದು. ಮೊದಲು ಬಿದ್ದ ಭಂಗಿಯ ಫೋಟೊ. ಮೂತಿ ಯಾವ ಕಡೆಗಿತ್ತು, ಯಾವ ರೆಕ್ಕೆ ಮೊದಲು ನೆಲ ಮುಟ್ಟಿತು ಎಂಬುದರಿಂದ ಕೊನೆಯ ಕ್ಷಣದ ಕಥೆ ತಿಳಿಯುತ್ತದೆ. ಆಮೇಲೆ ಪ್ರೊಪೆಲ್ಲರಿನಿಂದ ಕೈ ದೂರವಿಟ್ಟು ಬ್ಯಾಟರಿ ಬಿಚ್ಚುವುದು. ಲಿಥಿಯಂ ಪಾಲಿಮರ್ ಬ್ಯಾಟರಿ ಉಬ್ಬಿದ್ದರೆ, ಜಜ್ಜಿದ್ದರೆ, ಕಾರಿನೊಳಗೆ ಇಡದೆ ಬರಿ ನೆಲದ ಮೇಲೆ, ಹುಲ್ಲಿನಿಂದ ದೂರ, ಅರ್ಧ ಗಂಟೆಯಾದರೂ ಬಿಟ್ಟು ನೋಡಬೇಕು. ಪೆಟ್ಟು ತಿಂದ ಎಷ್ಟೋ ಹೊತ್ತಿನ ಮೇಲೆ ಅದು ಹೊತ್ತಿಕೊಳ್ಳುವುದುಂಟು. ರಾತ್ರಿಯೆಲ್ಲ ಹೊಲದಲ್ಲಿದ್ದು ಒಂದು ಕೋಶಕ್ಕೆ 3 ವೋಲ್ಟಿಗಿಂತ ಕೆಳಗಿಳಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡದೆ ವಿಲೇವಾರಿ ಮಾಡುವುದೇ ಲೇಸು. ನೀರು ಕುಡಿದ ರಿಸೀವರ್, ಸರ್ವೊಗಳನ್ನು ಶುದ್ಧ ನೀರಿನಲ್ಲಿ ತೊಳೆದು ನೆರಳಿನಲ್ಲಿ ಕೆಲವು ದಿನ ಒಣಗಿಸಬೇಕು. ಮನೆಗೆ ಬಂದ ಮೇಲೆ ನಕ್ಷೆಯಲ್ಲಿ ಎರಡು ಗುರುತು: ಬಿದ್ದಿರಬಹುದು ಎಂದುಕೊಂಡ ಜಾಗ, ನಿಜವಾಗಿ ಸಿಕ್ಕ ಜಾಗ. ಎರಡರ ನಡುವಿನ ದೂರವನ್ನು ಮೀಟರಿನಲ್ಲಿ ಅಳೆದು ತಾರೀಖಿನೊಂದಿಗೆ ಬರೆದಿಟ್ಟರೆ, ಮುಂದಿನ ಸಲ ಅಂದಾಜಿಗೆ ಎಷ್ಟು ಸೇರಿಸಬೇಕೆಂಬ ಲೆಕ್ಕ ಅದರಿಂದ ಸಿಗುತ್ತದೆ. ಅಂಟು ಒಣಗಿ, ಹಿಂಜುಗಳು ಸಡಿಲವಿಲ್ಲವೆಂದು ನೋಡಿ, ಟ್ರಾನ್ಸ್‌ಮಿಟರನ್ನು ಕಡಿಮೆ ಶಕ್ತಿಯ ರೇಂಜ್ ಪರೀಕ್ಷೆಗೆ ಹಾಕಿ ಮೂವತ್ತು ಹೆಜ್ಜೆ ದೂರದಿಂದ ಎಲ್ಲ ಸರ್ವೊಗಳೂ ತಡವರಿಸದೆ ಅಲುಗಿದವೆಂದು ಖಚಿತವಾದ ಮೇಲೆ, ಗಾಳಿಯಿಲ್ಲದ ಒಂದು ಬೆಳಿಗ್ಗೆ ಅದನ್ನು ಮತ್ತೆ ಬಯಲಿಗೆ ಒಯ್ಯಬಹುದು.